ಎಂಜಿನ್ನಿನೊಳಗಿನ ಬಡಿತ

ಕುರಿ ಕಾಯುವ ಮನೆತನದ ಮಾಯಪ್ಪ ಅನಗೋಳದ ನಾಗಲಿಂಗ ಮೇಸ್ತ್ರಿಯ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು, ಆಮೇಲೆ ಖಾನಾಪುರದಲ್ಲಿ ಬಾಡಿಗೆಗೆ ಅಂಬಾಸಿಡರ್ ಓಡಿಸತೊಡಗಿದ. ೧೯೭೪ರಲ್ಲಿ ಪೆಟ್ರೋಲು ದುಬಾರಿಯಾದಾಗ ಅಲ್ಲಿನ ಚಾಲಕರು ಅದಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬೆರೆಸುತ್ತಿದ್ದರು. ಮೇಸ್ತ್ರಿ ಬೇಡವೆಂದಿದ್ದರೂ ಮಾಯಪ್ಪನೂ ಬೆರೆಸಿದ.

ಒಂದು ಮಧ್ಯಾಹ್ನ ತಂಗಿಯ ಗಂಡನ ಊರಾದ ಬೀಡಿಯಿಂದ ಸುದ್ದಿ ಬಂತು. ತುಂಬು ಬಸುರಿ ತಂಗಿ ಸಿದ್ದಕ್ಕನಿಗೆ ರಕ್ತ ಹೋಗುತ್ತಿತ್ತು. ಕೂಡಲೇ ಬೆಳಗಾವಿಯ ದವಾಖಾನೆಗೆ ಒಯ್ಯಬೇಕಿತ್ತು. ಮಾಯಪ್ಪ ಧಾವಿಸಿ ಹೋಗಿ ಅವಳನ್ನೂ ಅವಳ ಅತ್ತೆ ಕಾಡವ್ವನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ.

ಮೊದಲ ಏರಿನಲ್ಲೇ ಎಂಜಿನ್ನು ಕಟಕಟ ಬಡಿದುಕೊಂಡಿತು.

“ಯಾಕೋ ಮಾಯಪ್ಪಾ, ನಿನ್ನ ಗಾಡಿ ಹುರಿಗಡಲಿ ಕಡಿಯಾಕತ್ತೈತಿ? ನನಗ ಉಳಿದಿಲ್ಲ, ಅದಕ್ಕರ ಹಲ್ಲ ಅದಾವ ನೋಡು,” ಎಂದಳು ಕಾಡವ್ವ.

“ಏನಿಲ್ರೀ ಅತ್ತಿ, ಏರು ಐತಿ.”

ಬಡಿತ ಯಾತರದೆಂದು ಅವನಿಗೆ ಗೊತ್ತಿತ್ತು. ಒತ್ತಡಕ್ಕೆ ಸಿಕ್ಕರೂ ಕಿಡಿ ತಾಗುವವರೆಗೆ ಹೊತ್ತಿಕೊಳ್ಳದೆ ತಾಳುವ ಗುಣ ಪೆಟ್ರೋಲಿಗಿದೆ. ಆಕ್ಟೇನ್ ಸಂಖ್ಯೆಯೆಂದರೆ ಆ ತಾಳಿಕೆಯ ಅಳತೆ. ಸೀಮೆಎಣ್ಣೆ ಬೆರೆತರೆ ಅದು ಕುಸಿಯುತ್ತದೆ. ಆಗ ಇಂಧನ ತಾನಾಗಿ ಸಿಡಿದು ಪಿಸ್ಟನ್ನಿಗೆ ಬಡಿಯುತ್ತದೆ; ಬಡಿತ ಮುಂದುವರಿದರೆ ಪಿಸ್ಟನ್ನು ತೂತಾಗಿ ಗಾಡಿ ನಡುದಾರಿಯಲ್ಲೇ ನಿಲ್ಲಬಹುದು.

ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಕಿಡಿ ತುಸು ತಡವಾಗಿ ಹಾರುವಂತೆ ಸಣ್ಣ ತಿರುಪೊಂದನ್ನು ತಿರುಗಿಸಿದ. ಬಡಿತ ಅಡಗಿತು, ಅದರೊಂದಿಗೆ ಎಂಜಿನ್ನಿನ ಕಸುವೂ. ಗಾಡಿ ತೆವಳಿತು, ರೇಡಿಯೇಟರಿನಿಂದ ಆವಿ ಎದ್ದಿತು.

“ಅಣ್ಣಾ, ಇನ್ನೂ ಎಷ್ಟ ದೂರೋ?” ಸಿದ್ದಕ್ಕನ ದನಿ ಸೋತಿತ್ತು.

ಖಾನಾಪುರದ ಪೆಟ್ರೋಲ್ ಪಂಪು ಕಾಣಿಸಿತು. ನಿಂತರೆ ಹತ್ತು ನಿಮಿಷ ಹೋಗುತ್ತದೆ. ನಿಲ್ಲದಿದ್ದರೆ ಇನ್ನುಳಿದ ಹದಿನಾರು ಮೈಲಿ ಈ ಎಂಜಿನ್ನು ಬಾಳೀತೆ? ನಿಂತದ್ದೇಕೆಂದು ಬೀಗಿತ್ತಿಗೆ ಹೇಳಬೇಕಾದ ಭಯ ಬೇರೆ. ಅವನು ಬ್ರೇಕು ತುಳಿದ.

“ಅತ್ತಿ, ತಪ್ಪಾಗೈತ್ರಿ. ಪೆಟ್ರೋಲದಾಗ ಚಿಮಣಿ ಎಣ್ಣಿ ಬೆರಸೀನಿ. ಅದನ್ನ ಬಸಿದು ಬ್ಯಾರೆ ತುಂಬಬೇಕ್ರಿ.”

ಕಾಡವ್ವ ಅವನನ್ನೇ ದಿಟ್ಟಿಸಿದಳು. “ಸೊಸಿಗೆ ಏನರ ಆತಂದ್ರ ನಿನ್ನ ಸುಮ್ಮನ ಬಿಡೂದಿಲ್ಲ. ಇಳಿ ಮೊದಲ! ನಾ ಇಕಿನ್ನ ಹಿಡಕೊಂಡಿರತೀನಿ.”

ಅವನು ಗಾಡಿಯ ಕೆಳಗೆ ನುಸುಳಿದ. ನಟ್ಟು ಬಿಚ್ಚುವ ಪಾನಾ ಎರಡು ಸಲ ಕೈಜಾರಿತು. ಟ್ಯಾಂಕಿನ ಬಿರಡೆ ಸಡಿಲಿಸಿ ಇದ್ದದ್ದನ್ನೆಲ್ಲ ಡಬ್ಬಿಗೆ ಇಳಿಸುವಾಗ ಮೇಲಿನಿಂದ ತಂಗಿಯ ನರಳಾಟ ಕೇಳುತ್ತಿತ್ತು. ಶುದ್ಧ ಪೆಟ್ರೋಲು ತುಂಬಿಸಿ, ರೇಡಿಯೇಟರಿಗೆ ನೀರು ಹೊಯ್ದು, ತಿರುಪನ್ನು ಮೊದಲಿನಂತೆ ಮಾಡಿ ಹೊರಟ. ಗಾಡಿ ಎಳೆಯತೊಡಗಿತು. ಬೆಳಗಾವಿ ಹತ್ತಿರದ ಮಚ್ಛೆ ದಾಟಿದರೂ ಬಡಿತವಿಲ್ಲ. ಆದರೂ ಅವನು ಅದಕ್ಕಾಗಿ ಕಿವಿಗೊಟ್ಟೇ ಇದ್ದ.

ಸಿದ್ದಕ್ಕ ಉಳಿದಳು. ಹೆಣ್ಣು ಕೂಸು. ಮೂರನೆಯ ದಿನ ವಾರ್ಡಿನಲ್ಲಿ ಅವಳು ಕೇಳಿದಳು: “ಅಣ್ಣಾ, ನನಗ ಪೂರಾ ಎಚ್ಚರ ಇರಲಿಲ್ಲ. ಖಾನಾಪುರದಾಗ ಯಾಕ ಅಷ್ಟೊತ್ತು ನಿಂತಿದ್ದಿ?”

“ಗಾಡಿಗೆ ನೀರ ಕುಡಸಾಕ,” ಎಂದು ಕಾಡವ್ವ ತಾನೇ ಉತ್ತರಿಸಿದಳು.

ಅಲ್ಲಿಗೆ ಮುಗಿಸಬಹುದಿತ್ತು. ಮಾಯಪ್ಪನಿಗಾಗಲಿಲ್ಲ. “ಅಲ್ಲ ಸಿದ್ದಕ್ಕಾ,” ಎಂದು ಎಲ್ಲವನ್ನೂ ಹೇಳಿದ.

ಸಿದ್ದಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಕೂಸನ್ನೆತ್ತಿ ಅವನತ್ತ ಚಾಚಿದಳು.

“ತಗೋ ಅಣ್ಣಾ. ತಲಿ ಕೆಳಗ ಕೈ ಕೊಟ್ಟು ಸರಿಯಾಗಿ ಹಿಡಿ.”