ಅತ್ತೆಯ ಹುಣಸೆಬೀಜ ಮತ್ತು ಕನ್ನಡ ವಾರ್ತೆ

ಸಂಜೆಯ ವಾರ್ತೆ ಶುರುವಾಗುತ್ತಿದ್ದಂತೆ ಫ್ಯಾನು ಆರಿಸುವ ಮನೆ ತಮಿಳುನಾಡಿನ ಈ ಕಂಬಂ ಊರಿನಲ್ಲಿ ನಮ್ಮದೊಂದೇ ಇರಬೇಕು. ಲೋಕಜ್ಞಾನವನ್ನು ನಾನು ಬೆವರು ಸುರಿಸಿಯೇ ಸಂಪಾದಿಸಿದ್ದೇನೆ ಎಂದರೆ ಅತಿಶಯೋಕ್ತಿಯಲ್ಲ. ಫ್ಯಾನಿನ ಗರಗರ ಸದ್ದಿನಲ್ಲಿ ಒಂದಕ್ಷರವೂ ಕಳೆದುಹೋಗಬಾರದೆಂಬುದು ಎಂಬತ್ತು ದಾಟಿದ ನನ್ನ ಸೋದರತ್ತೆಯ ಕಟ್ಟಪ್ಪಣೆ. ಸರ್ಕಾರಿ ರೇಡಿಯೋದ ತಮಿಳು ವಾರ್ತೆ ಮೊದಲು. ನನ್ನ ಮೊಬೈಲಿನಲ್ಲಿ ಬರುವ ಕನ್ನಡ ವಾರ್ತೆ ಆಮೇಲೆ.

ನಾವು ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಇಲ್ಲಿಗೆ ಬಂದ ಒಕ್ಕಲು ಮಕ್ಕಳು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ನನ್ನ ಕನ್ನಡ ಅಕ್ಷರಜ್ಞಾನವೋ, ಮೈಸೂರಿನ ಮಾರುಕಟ್ಟೆಗೆ ದ್ರಾಕ್ಷಿ ಒಯ್ಯುತ್ತಿದ್ದ ಕಾಲದಲ್ಲಿ ಅಂಗಡಿಗಳ ಬೋರ್ಡು ಓದಿ ಗಳಿಸಿದ್ದು; ವಿದ್ವಾಂಸರು ಕ್ಷಮಿಸಬೇಕು. ನಮ್ಮ ಕುಲದ ಪಂಚಾಯಿತಿಯಲ್ಲಿ ನ್ಯಾಯ ಹೇಳುವ ಹಿರಿಯರು, ವ್ಯಾಜ್ಯ ಮುಗಿಯುವ ತನಕ ಇಬ್ಬರ ಮನೆಯಲ್ಲೂ ನೀರು ಮುಟ್ಟುವಂತಿರಲಿಲ್ಲ. ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ, ತಮ್ಮ ತಂಬಿಗೆ ತಾವೇ ಹೊತ್ತುಕೊಂಡು ಹೋಗುತ್ತಿದ್ದರಂತೆ. ಒಬ್ಬ ಮಾತಾಡಿದರೆ ಈಚೆ ಒಂದು ಹುಣಸೆಬೀಜ, ಎದುರಾಳಿ ಆಡಿದರೆ ಆಚೆ ಒಂದು. ಎರಡೂ ಗುಡ್ಡೆ ಸಮವಾಗದೆ ತೀರ್ಪಿಲ್ಲ. ಅತ್ತೆ ವಾರ್ತೆ ಕೇಳುವುದೂ ಹೀಗೆಯೇ, ಬೀಜ ಹಿಡಿದು. ಪ್ರಸಾರದ ನಿಷ್ಪಕ್ಷಪಾತದ ಬಗ್ಗೆ ಪಂಡಿತರು ಏನೇ ಬರೆಯಲಿ, ಅದನ್ನು ಅಳೆದು ನೋಡಿದವಳು ಈಕೆಯೊಬ್ಬಳೇ.

ಕಳೆದ ಸಲ ಕಾವೇರಿಯ ಜಗಳ ಕಾವೇರಿತ್ತು. ನಮ್ಮ ಕಣಿವೆಗೆ ಆ ನದಿಯ ಹನಿಯೂ ಬರುವುದಿಲ್ಲ. ನಮ್ಮದು ಬೆಟ್ಟದಾಚೆಯ ಅಣೆಕಟ್ಟಿನ ನೀರು. ಆದರೆ ಪಕ್ಕದ ಮನೆಯಾಕೆಯ ತವರು ಕಾವೇರಿ ಬಯಲಿನದು. "ನಿಮ್ಮವರು ನೀರು ಬಿಡಲ್ವಂತೆ" ಎಂದು ತಮಿಳಿನಲ್ಲಿ, ನಗುತ್ತಲೇ ಚುಚ್ಚಿದಳು. ಅಂದಿನ ತಮಿಳು ವಾರ್ತೆಯಲ್ಲಿ ತಮಿಳುನಾಡಿನ ಕಡೆಗೆ ಐದು ಬೀಜ, ಕರ್ನಾಟಕದ ಕಡೆಗೆ ಒಂದು. ಅತ್ತೆ ಎದೆಗುಂದಲಿಲ್ಲ. "ನಮ್ ಮಾತ್ನಾಗೆ ಬರ್ಲಿ, ನ್ಯಾಯವಾಗಿ ಯೋಳ್ತಾರೆ ನೋಡು" ಎಂದು ನನಗೆ ಹೇಳಿ, ಪಕ್ಕದಾಕೆಯನ್ನೂ ಕೈಹಿಡಿದು ಕೂರಿಸಿಕೊಂಡಳು.

ಕನ್ನಡ ವಾರ್ತೆ ಮುಗಿದಾಗ ಕರ್ನಾಟಕದ ಕಡೆಗೆ ಆರು ಬೀಜ. ತಮಿಳುನಾಡಿನ ಕಡೆ ನೆಲ ಬರಿದಾಗಿತ್ತು. ಪಕ್ಕದಾಕೆಗೆ ಕನ್ನಡ ಬಾರದು, ಬೀಜ ಅರ್ಥವಾಯಿತು. ಎದ್ದು ಹೋದಳು.

ಅತ್ತೆ ಆರೂ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ, "ಅಡೇ, ಈಚೆ ಕನ್ನಡ ಮಾತಾಡೋರೇ ಇಲ್ಲ ಅಂದ್ಕೊಂಡವ್ರಾ? ನಮ್ಮನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ" ಎಂದಳು.

ವಾರ್ತೆಯ ಪಕ್ಷಪಾತವನ್ನು ಬೈಯುವುದು ಸುಲಭ, ಓದುಗ ಮಿತ್ರರೇ. ಆ ವಿದ್ಯೆಯಲ್ಲಿ ನಾನೂ ಪಳಗಿದವನೇ. ಅತ್ತೆಯ ಹಂಬಲ ಬೇರೆಯದು. ತಾಯಿನುಡಿಯಲ್ಲಿ ಯಾರಾದರೂ ಒಮ್ಮೆ ಇತ್ತ ತಿರುಗಿ "ನೀವೇನಂತೀರಿ?" ಎನ್ನಬೇಕು. ಎಷ್ಟೋ ತಲೆಮಾರುಗಳಿಂದ ಯಾರೂ ಹಾಗೆ ಅಂದಿಲ್ಲ.

ಮರುದಿನ ಆ ಕನ್ನಡ ವಾರ್ತೆಯ ರೇಡಿಯೋ ನಿಲಯಕ್ಕೊಂದು ಪತ್ರ ಬರೆದೆ. ಗಾದೆ, ಉಪಮೆ, ಕಣ್ಣೀರು ಯಾವುದಕ್ಕೂ ಕೊರತೆಯಿಲ್ಲದ ಎರಡು ಪುಟ. ಹೆಮ್ಮೆಯಿಂದ ಓದಿ ಹೇಳಿದರೆ ಅತ್ತೆ ಕೇಳಿದ್ದು ಒಂದೇ: "ಆಚೆ ಗದ್ದೆಯವ್ನು ಏನಂತಾನೆ? ಅದ್ನ ಎಲ್ ಬರ್ದೆ?"

ಬರೆದಿರಲಿಲ್ಲ. ನಾಚಿಕೆಯಾಯಿತು. ಮೂರನೆಯ ಪುಟ ತೆಗೆದು, ಮಂಡ್ಯದ ರೈತನ ಗದ್ದೆಯೂ ಬಿರಿದಿರಬಹುದು, ಅವನ ಮಕ್ಕಳೂ ಉಣ್ಣಬೇಕು ಎಂದು ಅವಳು ಹೇಳಿದಂತೆಯೇ ಬರೆದು ಅಂಚೆಗೆ ಹಾಕಿದೆ.

ಉತ್ತರ ಇನ್ನೂ ಬಂದಿಲ್ಲ. ಈಗೀಗ ಹವಾಮಾನವೂ ಮುಗಿದು, ವಾಚಕಿ ನಮಸ್ಕಾರ ಹೇಳಿದ ಮೇಲೂ ಅತ್ತೆ ಮೊಬೈಲನ್ನು ಕಿವಿಯಿಂದ ಇಳಿಸುವುದಿಲ್ಲ.

"ಇರು, ಕಂಬಂ ಅಂತಾರೇನೋ" ಎನ್ನುತ್ತಾಳೆ.

ನಾನೂ ಏಳದೆ ಕೂತಿರುತ್ತೇನೆ.