ಕಾವಲಿನ ಕೂಗು

ಪಾಳಾ ಊರಿನ ಹತ್ತಿರದ ಲಂಬಾಣಿ ತಾಂಡಾದಲ್ಲಿ ಧರ್ಮಿಬಾಯಿಯ ನಿದ್ದೆ ಹೆಸರುವಾಸಿಯಾಗಿತ್ತು. ದಿಂಬಿಗೆ ತಲೆ ಕೊಟ್ಟಳೆಂದರೆ ಮುಗಿಯಿತು, ಹೊತ್ತೊಯ್ದರೂ ಏಳುವವಳಲ್ಲ ಎಂದು ನೆರೆಯವರು ನಗುತ್ತಿದ್ದರು. ಅಂಥವಳಿಗೆ ಅರವತ್ತೆಂಟರಲ್ಲಿ ನಿದ್ದೆ ಕೈಕೊಟ್ಟಿತು. ರಾತ್ರಿಯೆಲ್ಲ ಹೊರಳಾಟ, ಹಗಲೆಲ್ಲ ತೂಕಡಿಕೆ.

ಒಂದು ಮುಂಜಾನೆ ಮೊಮ್ಮಗಳು ಮೇಘಾಳನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಮುಂದೆಯೇ ತೂಕಡಿಸಿದಳು. ಸೆರಗಿಗೆ ಕಿಡಿ ತಾಗಿತು. ದೇವರು ದೊಡ್ಡವನು, ಕೂಸಿಗೆ ಏನೂ ಆಗಲಿಲ್ಲ. ಆದರೆ ಮರುದಿನದಿಂದ ಸೊಸೆ ಕಾಜಲ್ ಕೂಲಿಗೆ ಹೋಗುವಾಗ ಕೂಸನ್ನು ಸೊಂಟಕ್ಕೇರಿಸಿಕೊಂಡೇ ಹೊರಟಳು. ಬೈದಿದ್ದರೂ ಮುದುಕಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹೇಗಾದರೂ ನಿದ್ದೆ ಬರಲಿ ಎಂದು ನೆರೆಮನೆಯವಳ ನಿದ್ದೆಗುಳಿಗೆ ಕೇಳಿ ನುಂಗಿದಳು. ಬೆಳಿಗ್ಗೆ ತಲೆ ಸುತ್ತಿ ಹೊಸ್ತಿಲಲ್ಲೇ ಬಿದ್ದಳು. ಗಂಡ ಗೇಮಪ್ಪ ಹೆದರಿ ಮುಂಡಗೋಡದ ಆಸ್ಪತ್ರೆಗೆ ಕರೆದೊಯ್ದ.

“ಮಂದಿ ಗುಳಿಗಿ ಮುಟ್ಟಬ್ಯಾಡ್ರಿ,” ಎಂದರು ಡಾಕ್ಟರ್ ರಾಜಶ್ರೀ. “ಮಧ್ಯಾಹ್ನ ಮಲಗಬ್ಯಾಡ್ರಿ, ಸಂಜೀಮುಂದ ಚಾ ಬಿಡ್ರಿ, ಮುಂಜಾನೆ ಬಿಸಿಲಾಗ ಅಡ್ಡಾಡ್ರಿ. ಯಾವಾಗಿಂದ ಹಿಂಗಾತು?”

“ಇವರು ಮನ್ಯಾಗ ಮಲಗಾಕ ಹತ್ತಿದಾಗಿಂದ.”

ಗೇಮಪ್ಪನ ಮುಖ ಸಪ್ಪಗಾಯಿತು. ಡಾಕ್ಟರಿಗೆ ನಗು ಬಂತು. “ಗೊರಕಿ ಹೊಡೀತಾರೇನ್ರಿ?”

“ಇಲ್ರೀ ಅಕ್ಕಾರ. ಗಪ್ಪನ ಮಲಗತಾರ. ಅದಕ್ಕ ಅಂಜಿಕಿ.”

ಭತ್ತ, ಗೋವಿನಜೋಳ, ಕಬ್ಬು, ತಮ್ಮ ಹೊಲ, ಊರವರ ಹೊಲ ಎಂದು ವರ್ಷದ ಬಹುಪಾಲು ಗೇಮಪ್ಪನ ರಾತ್ರಿಗಳು ಕಾವಲಿನ ಅಟ್ಟದ ಮೇಲೆಯೇ ಕಳೆದಿದ್ದವು. ಆನೆ, ಹಂದಿ ಬರದಂತೆ ಬೆಳಗಿನವರೆಗೂ “ಹೋ...” ಎಂದು ಕೂಗಬೇಕು. ಆ ಕೂಗು ಮನೆಗೆ ಕೇಳುತ್ತಿದ್ದರೆ ಗಂಡ ಬದುಕಿದ್ದಾನೆ, ಧರ್ಮಿಬಾಯಿಗೆ ಸುಖನಿದ್ದೆ. ಕೂಗು ನಿಂತರೆ ಮಾತ್ರ ಧಡಕ್ಕನೆ ಎದ್ದು ಕೂರುತ್ತಿದ್ದಳು. ಈ ವರ್ಷ ಮಗ ಕುಬೇರ ಹೊಲಕ್ಕೆ ಸೋಲಾರ್ ಬೇಲಿ ಹಾಕಿಸಿ ಅಪ್ಪನನ್ನು ಅಟ್ಟದಿಂದ ಇಳಿಸಿದ್ದ.

ಬಸ್ಸಿನಲ್ಲಿ ಗೇಮಪ್ಪ ಹೆಂಡತಿಯತ್ತ ತಿರುಗಿದ. “ನನಗ ಹೇಳಬಾರದಾಗಿತ್ತೇನ?”

“ಏನಂತ ಹೇಳ್ಲಿ? ಜೀವಮಾನ ಎಲ್ಲಾ ಥಂಡ್ಯಾಗ ಕೂಗಿ ಈಗ ಬೆಚ್ಚಗ ಮಲಗೀರಿ. ಮತ್ತ ಕೂಗ್ರಿ ಅನ್ನಲೇನು?”

ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಚಾಚೂತಪ್ಪದೆ ಮಾಡಿದಳು. ತೂಕಡಿಕೆ ಕಡಿಮೆಯಾಯಿತು, ಆದರೆ ನಡುರಾತ್ರಿಯ ಎಚ್ಚರ ತಪ್ಪಲಿಲ್ಲ. ಹಾಗೆ ಎಚ್ಚರಾಗಿದ್ದ ಒಂದು ರಾತ್ರಿ, ಪಕ್ಕದಲ್ಲಿ ಮಲಗಿದ್ದ ಗೇಮಪ್ಪ ಕೂಸು ಏಳದಷ್ಟು ಮೆಲ್ಲಗೆ “ಹೋ...” ಎಂದ. ಧರ್ಮಿಬಾಯಿ ಕಿಸಕ್ಕನೆ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಅವನು ಮತ್ತೆ ಕೂಗಿದ, ಮತ್ತೊಮ್ಮೆ ಕೂಗಿದ. ಅವಳ ಉಸಿರು ನಿಧಾನವಾದ ಮೇಲೂ, ಇರಲಿ ಎಂದು ಇನ್ನಷ್ಟು ಹೊತ್ತು ಕೂಗುತ್ತಲೇ ಇದ್ದ. ಮುಂದೆ ದಿನವೂ ಅದೇ ಆಯಿತು.

ಭತ್ತದ ಕೊಯ್ಲು ಶುರುವಾದ ದಿನ ಕಾಜಲ್ ಕುಡುಗೋಲು ಹಿಡಿದು ಬಾಗಿಲಿಗೆ ಬಂದಳು. ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಸೊಂಟದಿಂದ ಕೂಸನ್ನು ಇಳಿಸಿ ಆಕೆಯ ಮಡಿಲಿಗೆ ಹಾಕಿದಳು.

“ಅತ್ತೀ, ಸಂಜೀತನಕ ನೋಡ್ಕೋರಿ,” ಎಂದವಳು ತಿರುಗಿಯೂ ನೋಡದೆ ಹೊಲಕ್ಕೆ ನಡೆದಳು.