ಚೆಲ್ಲಲಾರದ ನೀರು

ಘೋಣಸಗಿಯ ರುಕ್ಮವ್ವನ ಮನೆಯಲ್ಲಿ ಅನ್ನ ಚೆಲ್ಲಿದರೂ ಕ್ಷಮೆಯಿತ್ತು, ನೀರು ಚೆಲ್ಲಿದರೆ ಇರಲಿಲ್ಲ. ಬೇಳೆ ತೊಳೆದ ನೀರು ಎಮ್ಮೆಗೆ, ಮೈ ತೊಳೆದ ನೀರು ಬದನೆಗಿಡಕ್ಕೆ. ಓಣಿಯವರು ನಗುತ್ತಿದ್ದರು. ನಗುವವರಿಗೇನು, ಮಗಳನ್ನು ಕಳೆದುಕೊಂಡವರು ಅವರಲ್ಲವಲ್ಲ! ಒಂದು ಬೇಸಿಗೆ ಅವಳ ಒಬ್ಬಳೇ ಮಗಳು ಹನಮವ್ವ ಕೊಡ ಹಿಡಿದು ಆಳದ ಬಾವಿಗೆ ಇಳಿದಿದ್ದಳು. ತುಂಬಿಕೊಂಡು ಹತ್ತುವಾಗ ಮೆಟ್ಟಿಲ ಮೇಲೆ ಕಾಲು ಜಾರಿತು. ಜನ ಹೆಣದ ಜೊತೆ ಕೊಡವನ್ನೂ ಮೇಲೆ ತಂದರು. ಅದರ ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು.

ಗಂಡನೂ ತೀರಿಕೊಂಡ ಮೇಲೆ ರುಕ್ಮವ್ವ ವಿಜಾಪುರಕ್ಕೆ ಬಂದಳು. ಅವು ಅರವತ್ತರ ದಶಕದ ಮೊದಲ ವರ್ಷಗಳು. ಊರಾಚೆ ಕುಡಿಯುವ ನೀರು ತಿಳಿಗೊಳಿಸುವ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಗಾಜಿನ ಜಾರು ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿ ಸಾಹೇಬರು ದಿನಾ ಮುಂಜಾನೆ ಪೀಪಾಯಿಯಲ್ಲಿ ತಂದಿಟ್ಟ ಕೆರೆಯ ರಾಡಿ ನೀರನ್ನು ಸಾಲುಜಾರುಗಳಿಗೆ ತುಂಬಿಸುತ್ತಿದ್ದರು. ಮೊದಲ ಜಾರಿಗೆ ಏನೂ ಇಲ್ಲ; ಮುಂದಿನವಕ್ಕೆ ಒಂದಕ್ಕಿಂತ ಒಂದಕ್ಕೆ ಹೆಚ್ಚು ಪಟಿಕ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ತಿರುವಿದರೆ ಮಣ್ಣು ಹಿಂಜಿದ ಅರಳೆಯಂತೆ ಕೂಡಿಕೊಂಡು ತಳ ಸೇರುತ್ತಿತ್ತು. ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ತಿಳಿಯಾದ ಜಾರಿನ ಅಳತೆಯೇ ಅಂದು ಊರಿಗೆ ನೀರು ಬಿಡುವ ದೊಡ್ಡ ಟಾಕಿಗೂ ಅಳತೆ. ಟಾಕಿಗೆ ಪಟಿಕ ಕಲಸಿ ಹಾಕುವವನು ಇಟ್ಟಂಗಿಹಾಳದ ಅಲ್ಲಾಉದ್ದೀನ.

ಒಂದು ಮಳೆಗಾಲ ಜಾರುಗಳು ಚೂರು ಪಟಿಕಕ್ಕೇ ತಿಳಿಯಾಗತೊಡಗಿದವು. ಟಾಕಿಯ ನೀರು ಮಾತ್ರ ರಾಡಿಯಾಗಿಯೇ ಉಳಿಯಿತು. ಊರವರು ಕೊಡ ತಂದು ತೋರಿಸಿ ಬಯ್ದರು. ಸಾಹೇಬರ ಸಿಟ್ಟು ಬಡವ ಅಲ್ಲಾಉದ್ದೀನನ ಮೇಲೆ ತಿರುಗಿತು; ಸಿಟ್ಟಿಗೆ ಯಾವಾಗಲೂ ಇಳಿಜಾರೇ ಸಲೀಸು.

"ಜಾರಿನ್ಯಾಗ ತಿಳಿ ಆಗೂ ನೀರು ಟಾಕಿಯೊಳಗ ಯಾಕ ಆಗವಲ್ದು? ಪಟಿಕ ಬಜಾರಕ್ಕ ಹೊಂಟೈತಿ!"

"ಖುದಾನ ಆಣಿರಿ ಸಾಹೇಬ್ರ, ಒಂದ ಹಳಕೂ ಮುಟ್ಟಿಲ್ಲ," ಎಂದ ಅಲ್ಲಾಉದ್ದೀನ. ಬಡವನ ಕೋಪ ದವಡೆಗೆ ಮೂಲವೆಂದು ಅವನಿಗೂ ಗೊತ್ತಿತ್ತು. ತಲೆ ತಗ್ಗಿಸಿ ನಿಂತ.

ಕಳ್ಳತನ ಎಲ್ಲರೆದುರು ರುಜುವಾತಾಗಲಿ, ಆಮೇಲೆ ಅವನನ್ನು ಹೊರಗೆ ಹಾಕುವುದು ಎಂದು ಸಾಹೇಬರು ಜಾರು ತುಂಬಿಸಿದರು. ಎಲ್ಲರ ಕಣ್ಣು ಅಲ್ಲಾಉದ್ದೀನನ ಮೇಲೆ. ರುಕ್ಮವ್ವನ ಕಣ್ಣು ಮಾತ್ರ ರೂಢಿಯಂತೆ ಜಾರುಗಳ ಮೇಲಿತ್ತು. ಪಟಿಕವನ್ನೇ ಹಾಕದ ಮೊದಲ ಜಾರಿನಲ್ಲೂ ಅರಳೆ ಇಳಿಯುತ್ತಿತ್ತು.

ಅದು ಯಾಕೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಪರೀಕ್ಷೆ ಮುಗಿದ ನೀರನ್ನು ಗಟಾರಕ್ಕೆ ಚೆಲ್ಲಬೇಕೆಂದು ಕೆಲಸಕ್ಕೆ ಸೇರಿದಂದೇ ಹೇಳಿದ್ದರು. ಅವಳು ಹೂಂ ಅಂದಿದ್ದಳು. ಮೊದಮೊದಲು ಮನಸ್ಸು ಗಟ್ಟಿಮಾಡಿ ಚೆಲ್ಲಿದ್ದಳು, ಆದರೆ ಈ ಮಳೆಗಾಲ ಕೈ ಬಂದಿರಲಿಲ್ಲ. ಎಲ್ಲರೂ ಹೋದ ಮೇಲೆ ಆ ನೀರನ್ನು, ತಳದ ಅರಳೆಯ ಸಮೇತ, ಕೆರೆನೀರಿನ ಪೀಪಾಯಿಗೇ ಸುರಿದುಬಿಡುತ್ತಿದ್ದಳು. ಪಟಿಕವೂ ಅದರೊಳಗೇ ಹೋಗಿ, ಮರುದಿನ ಅದರ ಮೇಲೇ ತುಂಬಿದ ನೀರಿಗೆ ಚೂರು ಪಟಿಕವೇ ಸಾಕಾಗುತ್ತಿತ್ತು; ಆ ಕಡಿಮೆ ಅಳತೆ ಟಾಕಿಗೆ ಸಾಲುತ್ತಿರಲಿಲ್ಲ. ಯಾರೂ ನೋಡಿರಲಿಲ್ಲ, ಸುಮ್ಮನಿದ್ದರೆ ಅವಳ ಅನ್ನ ಅವಳಿಗಿತ್ತು. ಇತ್ತ ಅಲ್ಲಾಉದ್ದೀನ ಅಂಗಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಅವನ್ನ ಬಿಡ್ರಿ ಸಾಹೇಬ್ರ. ತಪ್ಪು ನಂದೈತಿ. ಆ ಮೊದಲನೇ ಜಾರ ನೋಡ್ರಿ," ಎಂದು ಎಲ್ಲವನ್ನೂ ಹೇಳಿದಳು.

ಪೀಪಾಯಿ ಬರಿದು ಮಾಡಿ, ತಿಕ್ಕಿ, ಹೊಸ ನೀರು ತಂದರು. ಈ ಸಲ ಮೊದಲ ಜಾರು ರಾಡಿಯಾಗಿಯೇ ನಿಂತಿತು. ಉಳಿದವಕ್ಕೆ ಬಹಳ ಹೆಚ್ಚು ಪಟಿಕ ಬೇಕಾಯಿತು. ಸಾಹೇಬರು ಅಲ್ಲಾಉದ್ದೀನನ ಹೆಗಲ ಮೇಲೆ ಕೈಯಿಟ್ಟು, "ನಂದ ತಪ್ಪಾತಪಾ," ಎಂದರು. ರುಕ್ಮವ್ವನನ್ನೂ ತೆಗೆದುಹಾಕಲಿಲ್ಲ. "ಆದರ ಇನ್ನ ಮ್ಯಾಲ ನನ್ನ ಕಣ್ಣ ಮುಂದನ ಚೆಲ್ಲಬೇಕು," ಎಂದರು.

ಅವಳು ಜಾರು ಹಿಡಿದು ಗಟಾರದ ಬಳಿ ನಿಂತಳು. ಕೈ ಬಾಗಲಿಲ್ಲ.

"ನಮ್ಮ ಹನಮಿ ಕೊಡದಾಗ ಇಷ್ಟ ನೀರು ಉಳದಿತ್ತರಿ," ಎಂದಳು.

ಅಲ್ಲಾಉದ್ದೀನ ಹತ್ತಿರ ಬಂದು ಅವಳ ಕೈಯಿಂದ ಜಾರು ತೆಗೆದುಕೊಂಡ. "ತಾ ಅಕ್ಕಾ, ನಾ ಚೆಲ್ತೀನಿ. ನೀ ಆ ಕಡೆ ನೋಡು."

ಅಂದಿನಿಂದ ಜಾರು ತೊಳೆಯುವುದು ರುಕ್ಮವ್ವನ ಕೆಲಸವಾಯಿತು, ನೀರು ಚೆಲ್ಲುವುದು ಅಲ್ಲಾಉದ್ದೀನನದು.